ಮಳೆ ಪುಸ್ತಕ ಮೊದಲು, ಕೋಡ್ ಆಮೇಲೆ

ಕ್ಲಾಡ್ ಕೋಡ್, ಕರ್ಸರ್, ಕೋಪೈಲಟ್‌ನಂಥ ಎಐ ಸಹಾಯಕಗಳಿಗೆ ಏನು ಬೇಕೆಂದು ಕನ್ನಡದಲ್ಲೇ ಹೇಳಿದರೂ ಸಾಕು, ನೋಡನೋಡುತ್ತ ನೂರಾರು ಸಾಲು ಕೋಡ್ ಬರೆದು ಮುಂದಿಡುತ್ತವೆ. ಬಂದದ್ದನ್ನು ಓದಲೂ ಹೋಗದೆ ಒಪ್ಪಿಕೊಂಡು ಸಾಗುವ ರೀತಿಗೆ 2025ರ ಫೆಬ್ರುವರಿಯಲ್ಲಿ ಎಐ ಸಂಶೋಧಕ ಆಂದ್ರೆ ಕರ್ಪಾಥಿ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು. ವಾರಾಂತ್ಯದ ಆಟಕ್ಕೆ ಅದು ಚೆಂದವೇ. ಮಕ್ಕಳ ಕಾಲಕ್ಕೂ ಉಳಿಯಬೇಕಾದ ಲೆಕ್ಕಕ್ಕೆ ಮಾತ್ರ ಬೇರೆಯೇ ಶಿಸ್ತು ಬೇಕು.

ಮಲೆನಾಡಿನ ಜಯಪುರದ ಸುತ್ತಲಿನ ಮಳೆ ಲೆಕ್ಕವನ್ನೇ ನೋಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕವಿದೆ, ಜೊತೆಗೊಂದು ಪುಸ್ತಕವಿದೆ. ಬೆಳಿಗ್ಗೆ ಅಳೆದು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ; ನೂರು ಸೆಂಟಿಗೆ ಒಂದು ಇಂಚು. ಇಂಥ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ ಈ ವರ್ಷದ ಆರಿದ್ರಾ ಮಳೆ ಎಷ್ಟು, ಹೋದ ವರ್ಷದ ಪುಷ್ಯ ಎಷ್ಟು ಎಂದು ಹೋಲಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಎಐ ಜೊತೆ ಕಟ್ಟುತ್ತಿದ್ದೇನೆ.

ಶುರುವಿಗೇ ಕೋಡ್ ಬರೆಯಲು ಬಿಡುವುದಿಲ್ಲ. ‘ಏನು ಮಾಡುತ್ತೀಯೆಂದು ಮೊದಲು ಬರೆ. ಅನುಮಾನವಿದ್ದರೆ ಕೇಳು. ನಾನು ಹೂಂ ಅನ್ನುವವರೆಗೆ ಯಾವ ಕಡತವನ್ನೂ ಮುಟ್ಟಬೇಡ’ ಎನ್ನುತ್ತೇನೆ. ಆ ಬರಹವನ್ನು ನಿಧಾನವಾಗಿ ಓದುವುದರಲ್ಲೇ ಈ ಕೆಲಸದ ಅರ್ಧ ಸುಖವಿದೆ. ನಕ್ಷತ್ರವಾರು ಮೊತ್ತ ಎಂದದ್ದಕ್ಕೆ ಸಹಾಯಕ ದಿನದ ನಕ್ಷತ್ರವನ್ನು, ಅಂದರೆ ಚಂದ್ರನಿರುವ ನಕ್ಷತ್ರವನ್ನು ಹಿಡಿದಿತ್ತು. ಮಳೆಗೆ ಲೆಕ್ಕ ಸೂರ್ಯನದು. ಪಂಚಾಂಗದಲ್ಲಿ ಮಹಾನಕ್ಷತ್ರ ಎಂದು ಬರುವುದು ಅದೇ. ಚಂದ್ರ ಒಂದು ನಕ್ಷತ್ರದಲ್ಲಿ ಇರುವುದು ಹೆಚ್ಚುಕಡಿಮೆ ಒಂದು ದಿನ. ಸೂರ್ಯ ಹದಿಮೂರು ಹದಿನಾಲ್ಕು ದಿನ. ಕೊಪ್ಪದ ಯಾವ ಕೃಷಿಕನನ್ನು ಕೇಳಿದರೂ ಗೊತ್ತಿರುವ ಸಂಗತಿಯಿದು. ಯೋಜನೆಯ ಹಂತದಲ್ಲಿ ತಿದ್ದಲು ಒಂದು ವಾಕ್ಯ ಸಾಕಾಯಿತು. ಕೋಡಿಗಿಳಿದಿದ್ದರೆ ಅಂಕಿಗಳು ಅಚ್ಚುಕಟ್ಟಾಗಿಯೇ ಬಂದು, ಮೊತ್ತವೆಲ್ಲ ತಪ್ಪಾಗಿರುತ್ತಿತ್ತು.

ಆಮೇಲೆ ಟೆಸ್ಟ್‌ಗಳು. ಕೋಡಿಗಿಂತ ಮೊದಲು ಅದರ ಪರೀಕ್ಷೆ ಬರೆಯಬೇಕೆಂದು ಪ್ರೋಗ್ರಾಮರ್ ಕೆಂಟ್ ಬೆಕ್ ಹೇಳಿ ಇಪ್ಪತ್ತು ವರ್ಷ ದಾಟಿತು. ಬರೆಯುವ ಕೈ ನಮ್ಮದಲ್ಲದ ಈ ಕಾಲಕ್ಕೆ ಆ ಮಾತಿನ ಬೆಲೆ ಇನ್ನೂ ಹೆಚ್ಚು. ಟೆಸ್ಟಿನ ಕೋಡನ್ನು ಎಐ ಬರೆಯಲಿ; ಉತ್ತರ ಮಾತ್ರ ನಾವು ಕೊಟ್ಟದ್ದಾಗಿರಬೇಕು. ನಾನು ಉತ್ತರ ತೆಗೆಯುವುದು ಹಳೆಯ ಪುಸ್ತಕಗಳಿಂದ. ಪುಟದಲ್ಲಿ ‘2-4’ ಎಂದಿದ್ದರೆ ಎರಡು ಇಂಚು ನಾಲ್ಕು ಸೆಂಟ್, ಅಂದರೆ 2.04 ಇಂಚು, 51.8 ಮಿಲಿಮೀಟರ್. ಅದನ್ನೇ 2.4 ಎಂದು ಓದಿದರೆ 60.96 ಮಿಲಿಮೀಟರ್ ಆಗಿಬಿಡುತ್ತದೆ. ಒಂದೇ ದಿನಕ್ಕೆ ಒಂಬತ್ತು ಮಿಲಿಮೀಟರ್ ಸುಳ್ಳು ಮಳೆ! ಹಾಗಾಗಿ ಒಳಗೆಲ್ಲ ಸೆಂಟಿನಲ್ಲೇ, ಪೂರ್ಣಾಂಕವಾಗಿ 204 ಎಂದೇ ಇಡಬೇಕೆಂದು ಗೊತ್ತುಮಾಡಿದೆ. ಖಾಲಿ ಬಿಟ್ಟ ದಿನ ಸೊನ್ನೆಯಲ್ಲ. ಅಂದು ಮಳೆ ಬಂದಿಲ್ಲವೋ, ಅಳೆಯುವವರು ನೆಂಟರ ಮನೆಗೆ ಹೋಗಿದ್ದರೋ. ಅದಕ್ಕೊಂದು ಟೆಸ್ಟ್. ತಾರೀಖಿಗೆ ಇನ್ನೊಂದು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಹೆಸರಿನಲ್ಲಿ ಬರೆಯುತ್ತದೆ. ಅದನ್ನು ಹಿಂದಿನ ದಿನದ ಸಾಲಿಗೆ ಬರೆಯುವ ಮನೆಯೂ ಇರಬಹುದು. ಯಾವ ಪುಸ್ತಕದ ಪದ್ಧತಿ ಯಾವುದೆಂದು ಮೊದಲೇ ಕೇಳಿ ದಾಖಲಿಸದಿದ್ದರೆ ಎರಡು ಮನೆಯ ಮಳೆ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ.

ಈ ಸಹಾಯಕಗಳಿಗೆ ಒಂದು ಕೆಟ್ಟ ಚಾಳಿಯಿದೆ. ಟೆಸ್ಟ್ ಪಾಸಾಗದಿದ್ದರೆ ಕೆಲವೊಮ್ಮೆ ಕೋಡನ್ನು ಬಿಟ್ಟು ಟೆಸ್ಟನ್ನೇ ತಿದ್ದಿ ‘ಎಲ್ಲ ಸರಿಯಾಯಿತು’ ಎನ್ನುತ್ತವೆ. ಆದ್ದರಿಂದ ಪ್ರಾಜೆಕ್ಟಿನಲ್ಲೇ ಇರುವ ಸೂಚನೆಗಳ ಕಡತದಲ್ಲಿ ಬರೆದಿಟ್ಟಿದ್ದೇನೆ: ಟೆಸ್ಟಿನ ಉತ್ತರಗಳನ್ನು ಬದಲಿಸಬೇಡ, ಬದಲಿಸಲೇಬೇಕೆನಿಸಿದರೆ ನಿಲ್ಲಿಸಿ ಕೇಳು; ಓಡಿಸಿ ನೋಡದೆ ಆಯಿತು ಅನ್ನಬೇಡ. ಹೊಸ ಮಾತುಕತೆ ಶುರುವಾದಾಗ ನಿನ್ನೆ ಹೇಳಿದ್ದು ಸಹಾಯಕಕ್ಕೆ ನೆನಪಿರುತ್ತದೆಂಬ ಖಾತ್ರಿಯಿಲ್ಲ. ಈ ಕಡತವನ್ನಾದರೆ ಮತ್ತೆ ಓದಿಕೊಳ್ಳುತ್ತದೆ. ಆದರೂ ಬರೆದಿಟ್ಟ ಮಾತ್ರಕ್ಕೆ ಪಾಲಿಸುತ್ತದೆಂಬ ಭರವಸೆ ಬೇಡ. ಯಾವ ಸಾಲು ಹೋಗಿ ಯಾವುದು ಬಂತೆಂದು ಪ್ರತಿ ಬದಲಾವಣೆಯನ್ನೂ ಕಣ್ಣಾರೆ ಓದಲೇಬೇಕು. ಓದಿ ಮುಗಿಸಲಾಗದಷ್ಟು ದೊಡ್ಡದಾಗಿದ್ದರೆ ವಾಪಸ್ ಕಳಿಸಿ, ತುಂಡು ಮಾಡಿ ಕೊಡು ಅನ್ನುತ್ತೇನೆ.

ಒಂದು ತುಂಡು ಸರಿಹೋಯಿತೋ, ಕೂಡಲೇ ಗಿಟ್‌ನಲ್ಲಿ ಕಮಿಟ್, ಅಂದರೆ ಆ ಹಂತವನ್ನು ಹಾಗೆಯೇ ದಾಖಲಿಸಿಡುವುದು. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದಾಗ ಮಲೆನಾಡಿನ ಮಳೆಗಾಲ ಅವರ ಮನಸ್ಸಿನಲ್ಲಿ ಇದ್ದಿರಲಾರದು. ಆದರೆ ಇಡೀ ಇತಿಹಾಸ ನಮ್ಮ ಕಂಪ್ಯೂಟರಿನಲ್ಲೇ ಇರುವ ಆ ವ್ಯವಸ್ಥೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಲಿ, ಅದರ ಬೆನ್ನಿಗೇ ನೆಟ್ ಹೋಗಲಿ, ಬ್ಯಾಟರಿ ಇರುವಷ್ಟು ಹೊತ್ತು ಕಮಿಟ್ ಮಾಡಬಹುದು, ಹಿಂದಿನ ಹಂತಕ್ಕೆ ಮರಳಬಹುದು. ಆಗ ಎಐ ಸಿಗುವುದಿಲ್ಲ. ಆ ಬಿಡುವನ್ನು ನಾನು ಬಂದ ಕೋಡನ್ನು ಓದುವುದಕ್ಕೆ ಇಟ್ಟುಕೊಂಡಿದ್ದೇನೆ.

ಹೊಸ ಪುಸ್ತಕವೊಂದು ಸೇರಿದಾಗಲೆಲ್ಲ ಅದರ ಒಂದು ಆರಿದ್ರಾ ಮಳೆಯ ಮೊತ್ತವನ್ನು ಪೆನ್ನು ಕಾಗದ ಹಿಡಿದು ಕೂಡುತ್ತೇನೆ. ಪ್ರೋಗ್ರಾಂ ಕೊಡುವ ಅಂಕಿ ಅದಕ್ಕೆ ಒಂದು ಸೆಂಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿಬಂದ ಮೇಲೆಯೇ ಆ ಪುಸ್ತಕದ ಉಳಿದ ವರ್ಷಗಳನ್ನು ಏರಿಸುವುದು.