ಮತಪೆಟ್ಟಿಗೆ ಮನೆಗೆ ಬಂತು, ಉಳಿದದ್ದು ಯಾವಾಗ?

2023ರ ಮೇ 10ರಂದು ಕರ್ನಾಟಕ ವಿಧಾನಸಭೆಗೆ ಮತದಾನ ನಡೆಯಿತು. ಅದಕ್ಕೆ ಕೆಲವು ದಿನ ಮೊದಲೇ ರಾಜ್ಯದ ಸಾವಿರಾರು ಮನೆಗಳ ಪಡಸಾಲೆಗಳಲ್ಲಿ ಮತ ಬಿದ್ದಾಗಿತ್ತು. ವಯಸ್ಸು 80 ದಾಟಿದವರು ಮತ್ತು ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕುವ ಅವಕಾಶ ರಾಜ್ಯದಾದ್ಯಂತ ಸಿಕ್ಕಿದ್ದು ಅದೇ ಮೊದಲು. ಬೂತ್ ಮಟ್ಟದ ಅಧಿಕಾರಿ 12ಡಿ ನಮೂನೆ ಹಿಡಿದು ಮನೆಗೆ ಬಂದರು. ಬೇಕೆಂದವರು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಕೊಟ್ಟರು. ಆಮೇಲೊಂದು ದಿನ ಮತಗಟ್ಟೆ ಸಿಬ್ಬಂದಿ, ಪೊಲೀಸ್, ವಿಡಿಯೊ ತೆಗೆಯುವವರು ಎಲ್ಲರೂ ಒಂದೇ ಗಾಡಿಯಲ್ಲಿ ಬಂದಿಳಿದರು. ಗುಟ್ಟು ಉಳಿಯಲೆಂದು ರಟ್ಟಿನ ಮರೆ ನಿಲ್ಲಿಸಿದರು, ಮತಪತ್ರ ಕೊಟ್ಟರು, ಕವರಿಗೆ ಅಂಟು ಹಚ್ಚಿಸಿ ಪೆಟ್ಟಿಗೆಗೆ ಹಾಕಿಸಿಕೊಂಡು ಮುಂದಿನ ಮನೆಗೆ ಹೊರಟರು. ಮೊದಲ ಸಲ ಬಂದಾಗ ಮತದಾರರು ಮನೆಯಲ್ಲಿ ಇಲ್ಲದಿದ್ದರೆ ಇನ್ನೊಮ್ಮೆ ಬರಬೇಕೆಂಬುದು ನಿಯಮ.

ಹಿರಿಯರಿಗೆಂದು ಈ ರಾಜ್ಯದಲ್ಲಿ ನಡೆದಿರುವ ಸಾರ್ವಜನಿಕ ಕೆಲಸಗಳಲ್ಲಿ ಇದರಷ್ಟು ಅಚ್ಚುಕಟ್ಟಾದದ್ದು ಅಪರೂಪ. ಯಾರ ಮನೆಯಲ್ಲಿ ಎಷ್ಟು ವಯಸ್ಸಿನವರಿದ್ದಾರೆ, ಎದ್ದು ಓಡಾಡುವವರೋ ಹಾಸಿಗೆ ಹಿಡಿದವರೋ ಎಂಬುದು ಆಡಳಿತಕ್ಕೆ ಗೊತ್ತಾಯಿತು. ಎರಡನೇ ಸಲ ಬಾಗಿಲು ತಟ್ಟುವ ತಾಳ್ಮೆಯನ್ನೂ ಅದು ತೋರಿಸಿತು. ಮನೆಗೇ ಹೋಗಿ ಕೊಡುವ ಸೇವೆ ನಮ್ಮಲ್ಲಿ ಆಗುವ ಹೋಗುವ ಮಾತಲ್ಲ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಹಿರಿಯರ ಇತರ ಸೇವೆಗಳನ್ನು ಈಗ ಇದೇ ಅಳತೆಗೋಲಿನಿಂದ ನೋಡುವುದು ನ್ಯಾಯ.

ಮೊದಲು ಪಿಂಚಣಿ. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 2007ರದು. 65 ದಾಟಿದ ಬಡವರಿಗೆ ಈಗ ತಿಂಗಳಿಗೆ 1200 ರೂಪಾಯಿ ಬರುತ್ತದೆ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 79 ವರ್ಷದವರೆಗಿನವರಿಗೆ ಕೇಂದ್ರ ಕೊಡುವ ಪಾಲು ಬರೀ 200 ರೂಪಾಯಿ, 80 ದಾಟಿದರೆ 500. ಆ 200 ಒಂದೂವರೆ ದಶಕಕ್ಕೂ ಮೇಲ್ಪಟ್ಟು ಅಲುಗಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇರುವವರಿಗೆ ಅದು ತಿಂಗಳ ಮಾತ್ರೆಗೂ ಸಾಲದು. ಮೊತ್ತದಷ್ಟೇ ಮುಖ್ಯವಾದದ್ದು ಅದು ಕೈಗೆ ಬರುವ ದಾರಿ. ಹಿಂದೆ ಮನಿಯಾರ್ಡರ್ ಇತ್ತು. ಅಂಚೆಯವರು ಜಗಲಿಗೆ ಬಂದು ನೋಟು ಎಣಿಸಿ ಕೊಡುತ್ತಿದ್ದರು. ತಡವಾಗುತ್ತಿತ್ತು, ಸೋರಿಕೆಯ ದೂರುಗಳೂ ಇದ್ದವು. ಹಣ ನೇರ ಖಾತೆಗೆ ಹೋಗುವಂತಾದ ಮೇಲೆ ಆ ದೂರುಗಳು ಕಡಿಮೆಯಾದವು. ಜೊತೆಗೇ, ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುತ್ತಿದ್ದ ಸರ್ಕಾರದ ಒಬ್ಬ ಮನುಷ್ಯನೂ ಇಲ್ಲದಂತಾದ. ಈ ನಷ್ಟವನ್ನು ಯಾವ ಸುಧಾರಣಾ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಹಣ ಬಿಡಿಸಲು ಬ್ಯಾಂಕಿನ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರ ಹತ್ತಿರ ಹೋಗಬೇಕು, ಪಡಿತರಕ್ಕೆ ನ್ಯಾಯಬೆಲೆ ಅಂಗಡಿಗೆ. ಎರಡು ಕಡೆಯೂ ಯಂತ್ರದ ಮೇಲೆ ಬೆರಳಿಡಬೇಕು. ಜೀವನವಿಡೀ ಕಳೆ ಕಿತ್ತ, ಪಾತ್ರೆ ಉಜ್ಜಿದ, ಬೀಡಿ ಸುತ್ತಿದ ಬೆರಳುಗಳಲ್ಲಿ ಗೆರೆ ಸವೆದಿರುತ್ತದೆ. ವಯಸ್ಸಾದಂತೆ ಚರ್ಮವೂ ಒಣಗಿ ಸುಕ್ಕುಗಟ್ಟುತ್ತದೆ. ಬೆರಳನ್ನು ಸೆರಗಿಗೆ ಒರೆಸಿ ಒತ್ತಿದರೂ ಯಂತ್ರ ಒಪ್ಪದು. ಸ್ವಲ್ಪ ಎಣ್ಣೆ ಸವರಿ, ಎಡಗೈ ಬೆರಳಿಟ್ಟು, ಕೊನೆಗೆ ಕಣ್ಣಿನ ಪಾಪೆ ತೋರಿಸುವ ಯಂತ್ರ ಇದ್ದರೆ ಅದಕ್ಕೂ ಮುಖ ಕೊಟ್ಟು ನೋಡುತ್ತಾರೆ. ‘ಹೆಬ್ಬೆಟ್ಟು ತಗೊಳ್ತಿಲ್ಲ ಅಜ್ಜಿ, ನಾಳೆ ಬನ್ನಿ’ ಎಂಬ ಮಾತು ಕೇಳಿಸಿಕೊಂಡು ವಾಪಸು ನಡೆಯುವವರಿಗೆ ನಾಳೆ ಎಂದರೆ ಮತ್ತೊಂದು ಆಟೊ ಬಾಡಿಗೆ, ಇಲ್ಲವೇ ಮೊಮ್ಮಗನ ಮತ್ತೊಂದು ದಿನದ ಕೂಲಿ.

ಸರ್ಕಾರಿ ನೌಕರಿಯಿಂದ ನಿವೃತ್ತರಾದವರ ಪಾಡು ಇದಕ್ಕಿಂತ ಮೇಲು. ನವೆಂಬರ್ ಬಂತೆಂದರೆ ಬದುಕಿದ್ದೇನೆಂದು ಸಾಬೀತು ಮಾಡಲು ಅವರು ಬ್ಯಾಂಕಿಗೆ ಅಲೆಯಬೇಕಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂತು. 2021ರಲ್ಲಿ ಮುಖ ತೋರಿಸಿ ಮೊಬೈಲ್‌ನಲ್ಲೇ ಪ್ರಮಾಣಪತ್ರ ಪಡೆಯುವ ತಂತ್ರವೂ ಸೇರಿತು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಸಿಬ್ಬಂದಿ 70 ರೂಪಾಯಿ ಶುಲ್ಕಕ್ಕೆ ಮನೆಗೇ ಬಂದು ಈ ಕೆಲಸ ಮುಗಿಸಿಕೊಡುತ್ತಾರೆ. ಒಳ್ಳೆಯ ವ್ಯವಸ್ಥೆ ಇದು. 70 ದಾಟಿದವರ ಮನೆಬಾಗಿಲಿಗೆ ಮೂಲ ಬ್ಯಾಂಕ್ ಸೇವೆ ತಲುಪಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದರೆ ಇವು ಮೊದಲು ತಲುಪುವುದು ಕೇಳಿ ಪಡೆಯಬಲ್ಲವರನ್ನು. ತಿಂಗಳ 1200 ರೂಪಾಯಿಯನ್ನೇ ನಂಬಿದ ಒಂಟಿ ವಿಧವೆಗೆ ಇಂಥದ್ದೊಂದು ಇದೆಯೆಂದು ಹೇಳುವವರು ಯಾರು?

ಹಿರಿಯರ ಚಟುವಟಿಕೆ ಎಂದರೆ ಬೆಂಗಳೂರು, ಮೈಸೂರು, ದಾವಣಗೆರೆಯಂಥ ಊರುಗಳಲ್ಲಿ ಕಣ್ಣಿಗೆ ಬೀಳುವುದು ಪಾರ್ಕು. 1995ರಲ್ಲಿ ಮುಂಬೈನ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಐದು ಜನರೊಂದಿಗೆ ಆರಂಭಿಸಿದ ನಗೆಕೂಟ ಈಗ ಊರೂರಿಗೂ ಹಬ್ಬಿದೆ. ಯೋಗದ ಗುಂಪು, ಭಜನಾ ಮಂಡಳಿ, ಹಿರಿಯ ನಾಗರಿಕರ ವೇದಿಕೆ, ಬೆಳಗಿನಿಂದ ಸಂಜೆಯವರೆಗೆ ಕೂತು ಕಾಲ ಕಳೆಯುವ ಹಗಲು ಕೇಂದ್ರ, ಇವೆಲ್ಲವೂ ಬೇಕಾದವೇ. ಹೆಂಡತಿ ತೀರಿಹೋದ ಮೇಲೆ ಮಾತು ನಿಂತಿದ್ದ ಮನುಷ್ಯ ಪಾರ್ಕಿನ ಬೆಂಚಿನಲ್ಲಿ ಮತ್ತೆ ರಾಜಕೀಯ ಚರ್ಚಿಸುವಂತಾಗುವುದು ಸಣ್ಣ ಸಂಗತಿಯಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಇರಬಲ್ಲವರು ಯಾರೆಂದು ಒಮ್ಮೆ ನೋಡಬೇಕು. ಹೆಚ್ಚಿನವರು ಮಂಡಿ ಗಟ್ಟಿಯಿರುವ ಗಂಡಸರು. ಅದೇ ಹೊತ್ತಿಗೆ ಅವರ ವಯಸ್ಸಿನ ಹೆಂಗಸರು ಮೊಮ್ಮಕ್ಕಳ ಡಬ್ಬಿಗೆ ಚಿತ್ರಾನ್ನ ಕಲಸುತ್ತಿರುತ್ತಾರೆ.

ಇಂಥ ಕೂಟಗಳ ದೊಡ್ಡ ಕೊರತೆ ಹಾಜರಿ ಪುಸ್ತಕದಲ್ಲಿದೆ. ಬಂದವರ ಲೆಕ್ಕ ಅಲ್ಲಿರುತ್ತದೆ, ವಾರ್ಷಿಕೋತ್ಸವದ ಫೋಟೊ ಇರುತ್ತದೆ. ನಾಲ್ಕು ವರ್ಷ ತಪ್ಪದೆ ಬಂದವರೊಬ್ಬರು ಒಂದು ಮಂಗಳವಾರದಿಂದ ಕಾಣದಾದರೆ ಅವರ ಮನೆಗೆ ಹೋಗಿ ನೋಡುವ ಹೊಣೆ ಯಾರದ್ದೂ ಆಗಿರುವುದಿಲ್ಲ. ಸೊಂಟ ಮುರಿದುಕೊಂಡವರು, ಮರೆವು ಶುರುವಾಗಿ ದಾರಿ ತಪ್ಪುವ ಭಯಕ್ಕೆ ಒಳಗೇ ಉಳಿದವರು, ಮೂತ್ರ ತಡೆಯಲಾಗದ ನಾಚಿಕೆಗೆ ಬರುವುದು ಬಿಟ್ಟವರು ಸದ್ದಿಲ್ಲದೆ ಪಟ್ಟಿಯಿಂದ ಜಾರುತ್ತಾರೆ. ಸೇವೆ ಹೆಚ್ಚು ಬೇಕಾಗುವ ಗಳಿಗೆಯಲ್ಲೇ ಸೇವೆಯ ಕೊಂಡಿ ಕಳಚುತ್ತದೆ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹಿರಿಯ ಹೆಂಗಸರ ಮಟ್ಟಿಗೆ ನಿಜವಾದ ಬಿಡುಗಡೆ ತಂದಿತು. ಧರ್ಮಸ್ಥಳ, ಮಗಳ ಊರು, ಜಿಲ್ಲಾಸ್ಪತ್ರೆ ಯಾವುದಕ್ಕೂ ಮಗನ ಮುಂದೆ ಕೈಚಾಚದೆ ಹೊರಡಬಹುದು. ಮೆಚ್ಚಬೇಕಾದ ಕೆಲಸ. ಹಳ್ಳಿಗೆ ಬರುವ ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಇಂದಿಗೂ ಮೊಣಕಾಲಿನ ಎತ್ತರದಲ್ಲೇ ಇದೆ.

ಕಾನೂನಿನ ಕಡೆಗೆ ಬಂದರೂ ದೂರದ್ದೇ ಕಷ್ಟ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆ 2007ರದು. ಮಕ್ಕಳು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಾತು ತಪ್ಪಿದ ಮಕ್ಕಳಿಂದ ವಾಪಸು ಪಡೆಯುವ ದಾರಿಯೂ 23ನೇ ಕಲಮಿನಲ್ಲಿದೆ. ಆದರೆ ಕರ್ನಾಟಕದಲ್ಲಿ ಆ ಮಂಡಳಿ ಕೂರುವುದು ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಹಳ್ಳಿಯವರಿಗೆ ಅದು ಕೊಳ್ಳೇಗಾಲ. ಅನ್ನ ಹಾಕದ ಮಗನ ಮೇಲೆ ದೂರು ಕೊಡಲು ಅಷ್ಟು ದೂರ ಕರೆದೊಯ್ಯುವವರೂ ಎಷ್ಟೋ ಸಲ ಅದೇ ಮನೆಯವರೇ ಆಗಿರಬೇಕಾಗುತ್ತದೆ. ಬೆಂಗಳೂರಿನಲ್ಲಿ ನಗರ ಪೊಲೀಸರೊಂದಿಗೆ ಸೇರಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಆರಂಭಿಸಿದ 1090 ಸಹಾಯವಾಣಿ ಇಂಥ ಜಗಳಗಳಲ್ಲಿ ಮಧ್ಯಸ್ಥಿಕೆ ವಹಿಸುತ್ತ ಬಂದಿದೆ. ದೇಶಕ್ಕೆಲ್ಲ 14567 ಇದೆ. ದೂರವಾಣಿ ಒಂದು ಆಸರೆಯೇ, ಫೋನು ತನ್ನ ಕೈಯಲ್ಲೇ ಇರುವವರಿಗೆ.

ಹೊಸ್ತಿಲು ದಾಟಿ ಒಳಬರುವ ಸೇವೆ ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ, ಕೇರಳ ಸಾಕು. 1993ರಲ್ಲಿ ಕೋಯಿಕ್ಕೋಡ್‌ನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಶಮನದ ಕ್ಲಿನಿಕ್ ತೆರೆದರು. ಕ್ಲಿನಿಕ್‌ಗೆ ಬರಲಾಗದವರೇ ಹೆಚ್ಚು ನರಳುತ್ತಿದ್ದಾರೆಂಬುದು ಅವರಿಗೆ ಬೇಗ ಮನವರಿಕೆಯಾಯಿತು. ಆ ದಶಕದ ಕೊನೆಯ ಹೊತ್ತಿಗೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಜಾಲ ಹುಟ್ಟಿತು. ವಾರಕ್ಕೆ ಎರಡು ಗಂಟೆಯಾದರೂ ಕೊಡಬಲ್ಲ ಊರಿನವರಿಗೆ 16 ಗಂಟೆಯ ತರಬೇತಿ, ಆಮೇಲೆ ದಾದಿಯ ಜೊತೆ ಮನೆ ಭೇಟಿ. ಖರ್ಚಿಗೆ ಅಂಗಡಿಯವರ, ಶಾಲೆ ಮಕ್ಕಳ, ಬಸ್ ನೌಕರರ ಚಿಲ್ಲರೆ ಕಾಣಿಕೆ. 2008ರಲ್ಲಿ ಕೇರಳ ಸರ್ಕಾರ ಅದನ್ನೇ ನೀತಿಯಾಗಿಸಿತು. ಪಂಚಾಯಿತಿಗಳು ತಮ್ಮ ಹಣದಲ್ಲಿ ದಾದಿಯನ್ನೂ ಗಾಡಿಯನ್ನೂ ಹೊಂದಿಸತೊಡಗಿದವು.

ಆ ದಾದಿಯ ಚೀಲದಲ್ಲಿ ಇರುವುದು ಗಾಯಕ್ಕೆ ಕಟ್ಟುವ ಬಟ್ಟೆ, ಕ್ಯಾಥೆಟರ್, ಮೂತ್ರದ ಚೀಲ, ಕೈಗವಸು, ಮುಲಾಮು. ಹಾಸಿಗೆ ಹುಣ್ಣು ತೊಳೆದು ಕಟ್ಟುತ್ತಾಳೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಸೊಸೆಗೆ ಕೈಹಿಡಿದು ತೋರಿಸುತ್ತಾಳೆ. ಸೊಸೆಗೆ ರಾತ್ರಿ ನಿದ್ದೆ ಬಂತೇ ಎಂದೂ ಕೇಳುತ್ತಾಳೆ. ಸೇವೆಯ ಗುಣ ಗೊತ್ತಾಗುವುದು ಈ ಕೊನೆಯ ಪ್ರಶ್ನೆಯಲ್ಲಿ. ಕಾಸರಗೋಡಿನ ಕನ್ನಡ ಮನೆಗಳೂ ಇದೇ ಪಂಚಾಯಿತಿ ವ್ಯವಸ್ಥೆಯೊಳಗೆ ಇವೆ. ಗಡಿಯ ಈಚೆ ಬಂಟ್ವಾಳದಲ್ಲಿ, ಪುತ್ತೂರಿನಲ್ಲಿ ಅದೇ ಭಾಷೆಯ, ಅದೇ ಕಾಯಿಲೆಯ ಅಜ್ಜಿಗೆ ಪಂಚಾಯಿತಿಯ ದಾದಿ ಇಲ್ಲ.

ಕೇರಳದ ಮಾದರಿಯಲ್ಲಿ ಎಲ್ಲವೂ ಸರಿಯಿದೆ ಎನ್ನಲಾಗದು. ಊರಿಂದ ಊರಿಗೆ ಗುಣಮಟ್ಟ ಬೇರೆ. ಗುತ್ತಿಗೆಯ ದಾದಿಯೊಬ್ಬಳ ಮೇಲೆ ಇಡೀ ಪಂಚಾಯಿತಿಯ ಭಾರ. ಊರಿನ ಒಳ್ಳೆಯತನವನ್ನೇ ನೆಚ್ಚಿದ ಕೆಲಸ ಆ ಉತ್ಸಾಹ ಇಳಿದಾಗ ಕುಂಟುತ್ತದೆ. ಆದರೂ ಅಲ್ಲಿ ಕೆಲಸ ಶುರುವಾಗುವುದು ರೋಗಿಯ ಮಂಚದಿಂದ. ಕರ್ನಾಟಕದಲ್ಲಿ ಬಿಡಿಬಿಡಿಯಾಗಿ ಒಳ್ಳೆಯ ಕೆಲಸಗಳಿವೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಕಾಸು ಕೇಳದೆ ನೋಡಿಕೊಳ್ಳುತ್ತಿದೆ. ಒಂಟಿ ಹಿರಿಯರ ಮನೆಗೆ ಪಡಿತರ ಮುಟ್ಟಿಸುವ ಅನ್ನ ಸುವಿಧಾ ಬಂದಿದೆ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಮನೆಗೆ ಹೋಗಿ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸುತ್ತದೆ. ಒಂದೊಂದಕ್ಕೂ ಒಂದೊಂದು ಇಲಾಖೆ, ಒಂದೊಂದು ಪಟ್ಟಿ. ಅಕ್ಕಿ ಕೊಡಲು ಬಂದವರು ಹಾಸಿಗೆ ಹುಣ್ಣು ಕಂಡರೂ ಯಾರಿಗೆ ತಿಳಿಸಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

2011ರ ಜನಗಣತಿಯಲ್ಲೇ ಕರ್ನಾಟಕದ 60 ದಾಟಿದವರು ಸುಮಾರು 58 ಲಕ್ಷ ಇದ್ದರು, ಜನಸಂಖ್ಯೆಯ ಶೇ 9.5. ಅವರೆಲ್ಲರ ಮನೆಗೂ ಯಾರೂ ಹೋಗಬೇಕಿಲ್ಲ. ಹೋಗಬೇಕಾದ ಮನೆಗಳು ಯಾವುವೆಂದು ಗೊತ್ತಿರಬೇಕು, ಮತ್ತು ಆ ಕೆಲಸದ ದೊಡ್ಡ ಪಾಲು ಆಗಲೇ ನಡೆದಿದೆ. 2024ರ ಲೋಕಸಭಾ ಚುನಾವಣೆಗೆ ಮನೆ ಮತದಾನದ ವಯಸ್ಸನ್ನು 80ರಿಂದ 85ಕ್ಕೆ ಏರಿಸಲಾಯಿತು. ಇದು ಹಿಂದಕ್ಕೆ ಇಟ್ಟ ಹೆಜ್ಜೆ, ಮರಳಿ 80ಕ್ಕೆ ಇಳಿಸಬೇಕು. ಬೂತ್ ಮಟ್ಟದ ಅಧಿಕಾರಿಗಳಾಗಿ ಮನೆಮನೆ ಸುತ್ತಿದವರಲ್ಲಿ ಬಹಳಷ್ಟು ಮಂದಿ ಅದೇ ಊರಿನ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ಯಾವ ಮನೆಯ ಅಜ್ಜ ಏಳಲಾರ, ಯಾವ ಮನೆಯಲ್ಲಿ ಅಜ್ಜಿ ಒಬ್ಬಳೇ ಎಂಬುದು ಅವರಿಗೆ ಬಾಯಿಪಾಠ. ಹಿರಿಯರ ಒಪ್ಪಿಗೆ ಪಡೆದು ಆ ವಿವರವನ್ನು ಗ್ರಾಮ ಪಂಚಾಯಿತಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕೊಡಿಸಲು ಹೊಸ ಕಾಯ್ದೆ ಬೇಕಿಲ್ಲ. ಪ್ರತಿ ಹೋಬಳಿಗೆ ಒಬ್ಬ ದಾದಿ, ಒಂದು ಗಾಡಿ, ಪಿಂಚಣಿ ಬಿಡಿಸಿಕೊಡುವ ಬ್ಯಾಂಕ್ ಮಿತ್ರರೊಬ್ಬರು ಒಟ್ಟಿಗೆ ಹೊರಡುವಂತಾದರೆ, ಮತಪೆಟ್ಟಿಗೆ ಹೋದ ದಾರಿಯಲ್ಲೇ ತಿಂಗಳಿಗೊಮ್ಮೆ ಹೋಗಿ ಬರಬಹುದು.