ಮಕ್ಕಳ ಲೆಕ್ಕದಾಚೆಯ ಹೆಣ್ಣು

ಫ್ಲೋರಾ ನ್ವಾಪಾ ಅವರ ‘ಎಫುರು’ (1966) ಕಾದಂಬರಿಯ ತುಂಬ ನೈಜೀರಿಯಾದ ಇಗ್ಬೊ ಹೆಂಗಸರ ಮಾತು. ಸಂತೆಯಲ್ಲಿ, ನೀರಿನ ದಂಡೆಯಲ್ಲಿ, ಅಂಗಳದಲ್ಲಿ ಆಡುವ ಮಾತು. ಇದನ್ನು ಬರೀ ಹರಟೆ ಎಂದು ತಳ್ಳಿಹಾಕಿದವರಿದ್ದಾರೆ. ನನಗಂತೂ ಕಾದಂಬರಿಯ ಜೀವ ಅಲ್ಲೇ ಇದೆ ಅನ್ನಿಸುತ್ತದೆ. ಯಾರಿಗೆ ಇನ್ನೂ ಬಸಿರಾಗಿಲ್ಲ, ಯಾರ ಗಂಡ ಮನೆ ಬಿಟ್ಟ ಎಂದು ಆಡಿಕೊಳ್ಳುತ್ತಲೇ ಗಂಡಾಳಿಕೆಯ ಕಟ್ಟಳೆಗಳನ್ನು ಹೆಂಗಸರೇ ಕಾಯುತ್ತಾರೆ.

ನಾಯಕಿ ಎಫುರು ಹೆಣ್ಣಿಗೆ ತೆರ ಕೊಡಲಾಗದವನನ್ನು ತಾನೇ ಮೆಚ್ಚಿ ಹೋದವಳು. ಹೊಲದ ಕೆಲಸ ಒಲ್ಲೆನೆಂದು ವ್ಯಾಪಾರ ಮಾಡಿ ಗೆದ್ದವಳು. ಇದ್ದೊಬ್ಬ ಮಗಳು ಸಾಯುತ್ತಾಳೆ, ಎರಡು ಮದುವೆಗಳೂ ಮುರಿಯುತ್ತವೆ. ಕೊನೆಗೆ ಅವಳಿಗೆ ನೆಲೆ ಕೊಡುವವಳು ಸರೋವರದ ದೇವತೆ ಉಹಮಿರಿ. ಸಂಪತ್ತು, ಸೌಂದರ್ಯ ಉಳ್ಳ ಈ ದೇವತೆ ಮಕ್ಕಳಿಲ್ಲದವಳು. ತಾಯ್ತನವಿಲ್ಲದೆಯೂ ಹೆಣ್ಣು ಪೂಜ್ಯಳಾಗಬಲ್ಲಳು ಎಂಬುದಕ್ಕೆ ನ್ವಾಪಾ ತಮ್ಮ ಊರಾದ ಓಗುಟಾದ ನಂಬಿಕೆಯಲ್ಲೇ ಆಧಾರ ಹುಡುಕಿದ್ದು ದೊಡ್ಡ ಸಾಧನೆ. ಆದರೆ ಎಫುರುವಿಗೆ ಯೋನಿಛೇದನ ಮಾಡಿಸುವ ಭಾಗದಲ್ಲಿ ಅವಳ ಚೀರಾಟ ಕೇಳಿಸುತ್ತದೆಯೇ ಹೊರತು ಯಾರೊಬ್ಬರೂ ಪ್ರಶ್ನೆ ಎತ್ತುವುದಿಲ್ಲ. ಕಾದಂಬರಿ ಅದನ್ನು ಆರೈಕೆಯ ಸಡಗರವೆಂಬಂತೆ ದಾಟಿಬಿಡುತ್ತದೆ. ಈ ಮೌನವನ್ನು ಒಪ್ಪಿಕೊಳ್ಳಲು ನನ್ನಿಂದಾಗದು.

ಬುಚಿ ಎಮೆಚೆಟಾ ಅವರ ‘ದ ಜಾಯ್ಸ್ ಆಫ್ ಮದರ್‌ಹುಡ್’ (1979) ಹೆಸರು ಪಡೆದದ್ದೇ ‘ಎಫುರು’ವಿನ ಕೊನೆಯ ಸಾಲುಗಳಿಂದ. ಇಲ್ಲಿ ನಾಯಕಿ ನ್ನು ಎಗೊಗೆ ಮಕ್ಕಳಿದ್ದಾರೆ, ಸುಖವಿಲ್ಲ. ವಸಾಹತು ಕಾಲದ ಲಾಗೋಸ್‌ನಲ್ಲಿ ಗಂಡ ನ್ನೈಫೆ ಬಿಳಿಯರ ಮನೆಯ ಬಟ್ಟೆ ಒಗೆಯುತ್ತಾನೆ. ಅಲ್ಲಿ ಕಳೆದುಕೊಂಡ ಗಂಡಸುತನವನ್ನು ತನ್ನ ಮನೆಯೊಳಗೆ ದಬ್ಬಾಳಿಕೆಯಿಂದ ತುಂಬಿಕೊಳ್ಳುತ್ತಾನೆ. ಸಿಗರೇಟು, ಬೆಂಕಿಪೊಟ್ಟಣ ಮಾರಿ ಮಕ್ಕಳನ್ನು ಸಾಕಿದ ನ್ನು ಎಗೊ ರಸ್ತೆಬದಿಯಲ್ಲಿ ಒಂಟಿಯಾಗಿ ಸಾಯುತ್ತಾಳೆ.

ಕಾದಂಬರಿಯ ಅತಿ ಹರಿತವಾದ ಸನ್ನಿವೇಶ ಸವತಿಯರ ಜಗಳದ ಪಂಚಾಯಿತಿ. ತಪ್ಪು ನ್ನು ಎಗೊಳದು. ದೂರು ಕೊಟ್ಟವಳು ಸವತಿ ಅಡಾಕು. ಆದರೂ ಊರ ಕಡೆಯ ಗಂಡಸು ಬೈಯುವುದು ಅಡಾಕುವನ್ನೇ, ಏಕೆಂದರೆ ಅವಳಿಗೆ ಹೆಣ್ಣುಮಕ್ಕಳು ಮಾತ್ರ. ಗಂಡು ಹೆತ್ತವಳು ತಪ್ಪು ಮಾಡಿದರೂ ನ್ಯಾಯ ಅವಳ ಕಡೆಗೇ! ಅಡಾಕು ಆ ಮನೆ ಬಿಟ್ಟು ಹೊರಡುತ್ತಾಳೆ. ಬೇಕಾದರೆ ಮೈ ಮಾರಿಯಾದರೂ ಸರಿ, ಹೆಣ್ಣುಮಕ್ಕಳನ್ನು ಒಳ್ಳೆಯ ಶಾಲೆಗೆ ಕಳಿಸುತ್ತೇನೆ ಎಂಬ ಹಟ ಅವಳದು.

ಇಲ್ಲೇ ನನ್ನ ತಕರಾರು. ತಾಯ್ತನದ ಬಲೆಯನ್ನು ಇಷ್ಟು ನಿಷ್ಠುರವಾಗಿ ಬಿಚ್ಚಿ ತೋರಿಸಿದ ಎಮೆಚೆಟಾ, ಅದರಿಂದ ತಪ್ಪಿಸಿಕೊಂಡವಳನ್ನು ಕಥೆಯ ಅಂಚಿಗೆ ಸರಿಸಿಬಿಟ್ಟರು. ಅಡಾಕುವಿಗೆ ಇನ್ನಷ್ಟು ಪುಟಗಳು ಸಲ್ಲಬೇಕಿತ್ತು.