ಪಿಸ್ಟನ್ನಿಗೆ ಒಗ್ಗರಣೆ ಬೇಡ

ಎನ್‌ಸಿಸಿ ಕ್ಯಾಂಪಿನಲ್ಲಿ ಅಂದು ಎಸ್‌ಎಲ್‌ಆರ್ ರೈಫಲ್ ಬಿಚ್ಚಿ ಒರೆಸುವ ಪಾಳಿ ನಮ್ಮದು. ಚಿಂದಿಯನ್ನು ಎಣ್ಣೆಯಲ್ಲಿ ಅದ್ದಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಸವರುತ್ತಿದ್ದೆ. ಬೆಳಗಾವಿ ಕಡೆಯ ಹವಾಲ್ದಾರರು ಬಂದು ಕಸಿದುಕೊಂಡರು. ‘ಪಿಸ್ಟನ್ನಿಗೂ ಎಣ್ಣಿ ಹಚ್ಚಾಕತ್ತೀಯಲ್ಲೋ, ಒಗ್ಗರಣಿ ಹಾಕಾಂವಿದ್ದೀಯೇನು?’ ಪಿಸ್ಟನ್ ಎಂದರೆ ಗೇಣಿಗೆ ಚೂರು ಮೀರಿದ ಕಂಬಿ, ಮೈಗೆ ಸುತ್ತಿದ ಸ್ಪ್ರಿಂಗು, ತಲೆಯಲ್ಲಿ ದೋಸೆಹಂಚಿನ ತಳದಂಥ ಕರಿ. ಅಲ್ಲಿ ಎಣ್ಣೆ ಉಳಿದರೆ ಗುಂಡು ಹಾರಿದಾಗ ಸುಟ್ಟು ಇನ್ನಷ್ಟು ಮಸಿಯಾಗಿ ಗಟ್ಟಿಯಾಗುತ್ತದೆ. ಆ ಭಾಗ ಒಣಗಿರಬೇಕು. ಮೂರು ದಿನ ಹೆಬ್ಬೆರಳಿನ ಕಪ್ಪು ಹೋಗಲಿಲ್ಲ. ‘ಪಿಸ್ಟನ್ ಇರುವ ಬಂದೂಕು ಕೊಳೆಯಾಗುವುದೇ ಇಲ್ಲ’ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಹೆಬ್ಬೆರಳು ನೆನಪಾಗುತ್ತದೆ.

ಪಿಸ್ಟನ್ನಿನ ತತ್ವ ಸರಳ. ಗುಂಡು ನಳಿಗೆಯಲ್ಲಿ ಓಡುವಾಗ ಹಿಂದಿನ ಬಿಸಿ ಅನಿಲದ ಒಂದು ಪಾಲು ಸಣ್ಣ ತೂತಿನಿಂದ ಪಕ್ಕದ ಸಿಲಿಂಡರಿಗೆ ನುಗ್ಗಿ ಕಂಬಿಯನ್ನು ಹಿಂದಕ್ಕೆ ತಳ್ಳುತ್ತದೆ. ಸೈಕಲ್ ಪಂಪನ್ನು ತಿರುಗಾಮುರುಗಾ ಮಾಡಿದ ಹಾಗೆ. ಕಂಬಿಯ ನೂಕಿಗೆ ಬೋಲ್ಟ್ ತೆರೆದು, ಖಾಲಿ ಕೋಶ ಹೊರಗೆ ಬಿದ್ದು, ಮುಂದಿನದು ಒಳಗೆ ಬರುತ್ತದೆ. ಕಂಬಿ ಬೋಲ್ಟನ್ನು ಹೊತ್ತೊಯ್ಯುವ ಬೋಲ್ಟ್ ಕ್ಯಾರಿಯರಿಗೆ ಅಂಟಿಕೊಂಡೇ ಕೊನೆಯವರೆಗೆ ಹೋದರೆ ಅದು ಲಾಂಗ್ ಸ್ಟ್ರೋಕ್. ಕೇರಂ ಸ್ಟ್ರೈಕರಿನಂತೆ ಒಂದು ಏಟು ಕೊಟ್ಟು ತಾನು ಅಲ್ಲೇ ನಿಂತರೆ ಶಾರ್ಟ್ ಸ್ಟ್ರೋಕ್. ಅಮೆರಿಕದ ಜಾನ್ ಬ್ರೌನಿಂಗ್‌ಗೆ ಈ ಅನಿಲದ ಯೋಚನೆ ಹೊಳೆದದ್ದು ಬಂದೂಕಿನ ಬಾಯಿಯ ಗಾಳಿಗೆ ಹುಲ್ಲು ಬಾಗುವುದನ್ನು ಕಂಡಾಗ ಎಂಬ ಕಥೆಯಿದೆ. ಅವರ 1895ರ ಮಷಿನ್‌ಗನ್ನಿನಲ್ಲಿ ನೇರ ಓಡುವ ಕಂಬಿಯ ಬದಲು ಹೊಟ್ಟೆಯ ಕೆಳಗೊಂದು ಸನ್ನೆ ಬೀಸುತ್ತಿತ್ತು. ಸೈನಿಕರು ಅದನ್ನು ಆಲೂಗಡ್ಡೆ ಅಗೆಯುವ ಯಂತ್ರ ಎಂದೇ ಕರೆದರು. ಮೆಕ್ಸಿಕೋದ ಮೊಂದ್ರಾಗೊನ್ 1908ರಲ್ಲಿ ಪಿಸ್ಟನ್ನಿನ ರೈಫಲ್ ತಂದರು. ಅಮೆರಿಕ 1936ರಲ್ಲಿ ಗರಾಂಡ್ ಅವರ ಎಂ1 ಅನ್ನು ಇಡೀ ಸೇನೆಗೆ ಒಪ್ಪಿತು.

ಆಮೇಲಿನ ಚರಿತ್ರೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬೆಲ್ಜಿಯಂನ ದ್ಯುದೊನ್ನೆ ಸೆವ್ ರೂಪಿಸಿದ ಎಫ್‌ಎನ್ ಫಾಲ್. ನಮ್ಮ ಎಸ್‌ಎಲ್‌ಆರ್ ಅದರದೇ ಸಂತಾನ. 1962ರ ಚೀನಾ ಯುದ್ಧದಲ್ಲಿ ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ .303 ರೈಫಲ್ ಹಿಡಿದು ಹಿಮಾಲಯ ಹತ್ತಿದ್ದ ಸೇನೆಗೆ ಇಚ್ಛಾಪುರದ ಕಾರ್ಖಾನೆಯಿಂದ ಬಂದದ್ದು ಇದೇ. ಇಷ್ಟವಾಗಲು ಕಾರಣ ಅದರ ಗ್ಯಾಸ್ ರೆಗ್ಯುಲೇಟರ್, ಸಿಲಿಂಡರಿನ ಸುತ್ತ ಕೂರುವ ಅಂಕಿ ಕೊರೆದ ಉಂಗುರ. ಅದನ್ನು ತೆರೆದಷ್ಟೂ ಅನಿಲ ಹೊರಗೆ ಸೋರಿ ಪಿಸ್ಟನ್ನಿನ ನೂಕು ತಗ್ಗುತ್ತದೆ, ಮುಚ್ಚಿದಷ್ಟೂ ಏರುತ್ತದೆ. ಪೂರ್ತಿ ತೆರೆದು ಗುಂಡು ಹಾರಿಸುವುದು, ಬಂದೂಕು ತಡವರಿಸಿದರೆ ಒಂದು ಕ್ಲಿಕ್ ಮುಚ್ಚುವುದು, ಮತ್ತೆ ಹಾರಿಸುವುದು. ಸರಾಗವಾಗಿ ಓಡತೊಡಗಿದ ಮೇಲೆ ಇನ್ನೆರಡು ಕ್ಲಿಕ್ ಮುಚ್ಚುವುದು. ‘ಆ ಎರಡು ಯಾಕ್ರೀ ಉಸ್ತಾದ್?’ ಎಂದು ಕೇಳಿದ್ದೆ. ‘ಒಂದು ಸಂಜೀತನಕಾ ಕೂಡೂ ಮಸಿಗೆ, ಇನ್ನೊಂದು ನಿನ್ನಂಥಾ ಮೈಗಳ್ಳಗ.’ ಮಿತಿಮೀರಿ ಮುಚ್ಚಿದರೂ ಬಂದೂಕು ಹೇಳಿಬಿಡುತ್ತದೆ. ಕೋಶ ದೂರ ಹಾರುತ್ತದೆ, ಭುಜಕ್ಕೆ ಒದೆತ ಜೋರಾಗುತ್ತದೆ. ಹೀಗೆ ತನ್ನ ಆರೋಗ್ಯವನ್ನು ತಾನೇ ತಿಳಿಸುವ ವಿನ್ಯಾಸ ಆಮೇಲೆ ಅಪರೂಪವಾಯಿತು.

ಕಲಾಶ್ನಿಕೋವ್ ಹಿಡಿದದ್ದು ಬೇರೆಯೇ ದಾರಿ. ಸೋವಿಯತ್ ಸೇನೆ 1949ರಲ್ಲಿ ಒಪ್ಪಿದ ಅವರ ಎಕೆಯಲ್ಲಿ ತಿರುಗಿಸಲು ಉಂಗುರವೇ ಇಲ್ಲ. ಬೇಕಾದದ್ದಕ್ಕಿಂತ ಹೆಚ್ಚೇ ಅನಿಲ ಬಿಟ್ಟು, ದಪ್ಪ ಪಿಸ್ಟನ್ನು, ಭಾರದ ಕ್ಯಾರಿಯರು, ಸಡಿಲ ಜೋಡಣೆಯಿಂದ ಮಣ್ಣು ಮಸಿಗಳನ್ನು ಗುದ್ದಿಕೊಂಡೇ ಸಾಗುವ ಉಪಾಯ. ಮೆಚ್ಚಬೇಕಾದ್ದೇ. ಆದರೆ ಆ ಭಾರವೆಲ್ಲ ಹಿಂದೆ ಮುಂದೆ ಅಪ್ಪಳಿಸುವಾಗ ಗುರಿ ಕದಲುತ್ತದೆ. ‘ಎಕೆಗೆ ಚಾಕರಿ ಬೇಡ’ ಎಂಬ ಮಾತಂತೂ ಸುಳ್ಳು. ಹಳೆಯ ಮದ್ದುಗುಂಡಿನ ಪ್ರೈಮರು ಬಿಟ್ಟುಹೋಗುವ ಲವಣ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ, ಅನಿಲದ ಕೊಳವೆಯೂ ಅದಕ್ಕೆ ಹೊರತಲ್ಲ. ಎಣ್ಣೆಗೆ ಲವಣ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಮೊದಲು ಬಿಸಿನೀರು, ಆಮೇಲೆ ಚೆನ್ನಾಗಿ ಒಣಗಿಸುವುದು, ಎಣ್ಣೆ ಕೊನೆಗೆ.

ಪಿಸ್ಟನ್ನಿನ ಇಂದಿನ ಕೀರ್ತಿಗೆ ಅರ್ಧ ಕಾರಣ ಅಮೆರಿಕದ ಎಂ16 ರೈಫಲಿನ ಅಪಕೀರ್ತಿ. ಅದರಲ್ಲಿ ಅನಿಲ ತೆಳು ಕೊಳವೆಯಲ್ಲಿ ಹರಿದು ನೇರ ಬೋಲ್ಟ್ ಕ್ಯಾರಿಯರಿನೊಳಗೇ ಬರುತ್ತದೆ, ಮಸಿಯೂ ಜೊತೆಗೇ. ವಿಯೆಟ್ನಾಮಿನಲ್ಲಿ ಅದು ಕೈಕೊಟ್ಟಾಗ ಎಲ್ಲರೂ ಕೊಳವೆಯನ್ನು ಬೈದರು. ಮದ್ದಿನ ಪುಡಿ ಬದಲಾಗಿತ್ತು, ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಒರೆಸುವ ಸಾಮಾನೇ ಎಷ್ಟೋ ಸೈನಿಕರಿಗೆ ಸಿಕ್ಕಿರಲಿಲ್ಲ. ಅದೆಲ್ಲ ಬೈಗುಳದಲ್ಲಿ ಮರೆತುಹೋಯಿತು. ಜರ್ಮನಿಯ ಎಚ್‌ಕೆ416 ಇದೇ ಅಮೆರಿಕನ್ ಮೈಕಟ್ಟಿಗೆ ಶಾರ್ಟ್ ಸ್ಟ್ರೋಕ್ ಪಿಸ್ಟನ್ ಕೂರಿಸಿತು. ನಾರ್ವೆ, ಫ್ರಾನ್ಸ್ ಅದನ್ನು ಕೊಂಡವು. 2007ರಲ್ಲಿ ಅಮೆರಿಕದ ಅಬರ್ಡೀನಿನಲ್ಲಿ ಧೂಳಿನ ಪರೀಕ್ಷೆ ನಡೆಯಿತು. ತಲಾ 60,000 ಗುಂಡುಗಳಲ್ಲಿ ಎಂ16ರ ಗಿಡ್ಡ ರೂಪವಾದ, ಕೊಳವೆಯ ಎಂ4 882 ಸಲ ತಡವರಿಸಿತು, ಎಚ್‌ಕೆ416 233 ಸಲ. ಪಿಸ್ಟನ್ ಪಕ್ಷದವರು ಈ ಅಂಕಿಯನ್ನು ಮಂತ್ರದಂತೆ ಜಪಿಸುತ್ತಾರೆ. ಆದರೆ ಅದೇ ವರ್ಷ ಅದಕ್ಕೂ ಮೊದಲಿನ ಧೂಳಿನ ಪರೀಕ್ಷೆಯಲ್ಲಿ ಅದೇ ಎಂ4 ತಡವರಿಸಿದ್ದು 307 ಸಲ. ಒಂದೇ ಬಂದೂಕು ಎರಡು ಪರೀಕ್ಷೆಗಳಲ್ಲಿ ಇಷ್ಟು ಏರುಪೇರಾದರೆ ಪೂರ್ತಿ ಶ್ರೇಯಸ್ಸನ್ನು ಒಂದು ಕಂಬಿಗೆ ಕೊಡುವುದು ಹೇಗೆ? ಇನ್ನು ಪಿಸ್ಟನ್ನಿಗೆಂದು ರೂಪಿಸದ ಮೈಗೆ ಅದನ್ನು ಜೋಡಿಸಿದರೆ ಬೇರೆ ಪೀಡೆಯೂ ಉಂಟು. ಏಟು ಕ್ಯಾರಿಯರಿನ ನೆತ್ತಿಗೆ ಬಿದ್ದು ಅದರ ಹಿಂಬದಿ ಕೆಳಕ್ಕೆ ವಾಲುತ್ತದೆ, ಹಿಂದಿನ ಕೊಳವೆಯನ್ನು ಕೆರೆಯುತ್ತದೆ. 1960ರ ದಶಕದ ಎಆರ್-18 ರೈಫಲಿನಲ್ಲಿ ಕ್ಯಾರಿಯರು ಎರಡು ಸರಳುಗಳ ಮೇಲೆ ಓಡುವುದರಿಂದ ಈ ಕಾಟವೇ ಇರಲಿಲ್ಲ. ಯಾವ ದೊಡ್ಡ ಸೇನೆಯೂ ಅದನ್ನು ತನ್ನ ಮುಖ್ಯ ರೈಫಲಾಗಿ ಕೊಳ್ಳಲಿಲ್ಲ. ವಿನ್ಯಾಸಕಾರರು ಮಾತ್ರ ಇಂದಿಗೂ ಅದರಿಂದ ಕಡ ತರುತ್ತಲೇ ಇದ್ದಾರೆ.

ನಮ್ಮ ಇನ್ಸಾಸ್ ರೈಫಲಿನ ವಿಚಾರದಲ್ಲೂ ಎಂ16ಕ್ಕಾದಂಥ ಅನ್ಯಾಯವೇ ನಡೆದಿದೆ. ಎಕೆಯಿಂದ ಲಾಂಗ್ ಸ್ಟ್ರೋಕ್ ಪಿಸ್ಟನ್, ಫಾಲ್‌ನಿಂದ ರೆಗ್ಯುಲೇಟರ್. ಪುಣೆಯ ವಿನ್ಯಾಸಕಾರರ ಈ ಆಯ್ಕೆ ಕಾಗದದ ಮೇಲೆ ನನಗೆ ಬಹಳ ಬುದ್ಧಿವಂತ ಎನಿಸುತ್ತದೆ. ಕಾರ್ಗಿಲ್ ಯುದ್ಧದ ಚಳಿಯಿಂದ ಬಂದ ದೂರುಗಳಲ್ಲಿ ಹೆಚ್ಚು ಕೇಳಿದ್ದು ಬಿರುಕುಬಿಟ್ಟ ಪ್ಲಾಸ್ಟಿಕ್ ಮ್ಯಾಗಜೀನಿನದು. ಪಿಸ್ಟನ್ ಎಷ್ಟು ಚೆನ್ನಾಗಿದ್ದರೇನು, ಗುಂಡು ಮೇಲೆ ಬರದಿದ್ದರೆ?

ನಮ್ಮ ಸೇನೆ ಎರಡೂ ಬಗೆ ಕಂಡಿದೆ. ಹಳೆಯ ಎಸ್‌ಎಲ್‌ಆರ್ ಶಾರ್ಟ್ ಸ್ಟ್ರೋಕ್. ಉತ್ತರ ಪ್ರದೇಶದ ಕೊರ್ವಾದಲ್ಲಿ ತಯಾರಾಗುವ ಎಕೆ-203 ಲಾಂಗ್ ಸ್ಟ್ರೋಕ್, ಅದಕ್ಕೆ 2021ರಲ್ಲಿ ಮಾಡಿಕೊಂಡ ಒಪ್ಪಂದ 6 ಲಕ್ಷಕ್ಕೂ ಮೀರಿದ ರೈಫಲ್‌ಗಳದ್ದು. ಒರೆಸುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎಕೆಯ ಮುಚ್ಚಳ, ಸ್ಪ್ರಿಂಗು ತೆಗೆದು ಕ್ಯಾರಿಯರ್ ಎಳೆದರೆ ಪಿಸ್ಟನ್ ತಾನಾಗಿ ಅಂಗೈಗೆ ಬರುತ್ತದೆ, ಮಸಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಶಾರ್ಟ್ ಸ್ಟ್ರೋಕಿನ ಕಂಬಿ ಮುಂದೆ, ಹ್ಯಾಂಡ್‌ಗಾರ್ಡಿನ ಮರೆಯಲ್ಲಿ ಉಳಿದುಬಿಡುತ್ತದೆ. ಬೋಲ್ಟ್ ಫಳಫಳ ಒರೆಸಿ ಬಂದೂಕನ್ನು ಕೋತ್‌ಗೆ, ಅಂದರೆ ಶಸ್ತ್ರಾಗಾರಕ್ಕೆ, ಒಪ್ಪಿಸಿಬಿಡಬಹುದು. ನಮ್ಮ ಕ್ಯಾಂಪಿನ ಹವಾಲ್ದಾರರು ಅದಕ್ಕೇ ತಪಾಸಣೆಯಲ್ಲಿ ಬೋಲ್ಟ್ ನೋಡುತ್ತಲೇ ಇರಲಿಲ್ಲ. ಗುಂಡಿನ ಮೊನೆಯಿಂದ ಗ್ಯಾಸ್ ಪ್ಲಗ್ಗಿನ ಗುಬುಟು ಒತ್ತಿ, ಕಾಲು ಸುತ್ತು ತಿರುಗಿಸಿ, ಕಂಬಿಯನ್ನು ಹೊರಗೆಳೆದು, ಅದರ ತಲೆಯನ್ನು ತಮ್ಮ ಬಿಳಿ ಕರವಸ್ತ್ರಕ್ಕೆ ಉಜ್ಜುತ್ತಿದ್ದರು.